ರಾತ್ರಿ ಎರಡು ಗಂಟೆಗೆ ಯಾರು ಎದ್ದಿರ್ತಾರೆ?

ಅವ್ವನಿಗೆ 78. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಕೈಗೊಂದು ವಾಕರ್ ಕೊಟ್ಟು ಮನೆಗೆ ಕಳಿಸಿದರು. ನನ್ನದು ದಾವಣಗೆರೆ ಮಂಡಿಪೇಟೆಯಲ್ಲಿ ಸಣ್ಣ ಅಂಗಡಿ. ಹೆಂಡತಿ ಶಾಲೆ ಟೀಚರ್. ಕೊನೆಗೆ ಊರಾಚೆಯ ಒಂದು ಆರೈಕೆ ಕೇಂದ್ರದಲ್ಲಿ ಅವ್ವನನ್ನು 40 ದಿನ ಇರಿಸಿದೆವು. ಹೆಸರು ಬೇಡ, ಅನುಭವ ಬರೆಯುತ್ತೇನೆ.

ಅಲ್ಲಿಗೆ ಹೋಗುವ ಮೊದಲು ಎರಡು ಕಡೆ ಎಡವಿದ್ದೆ. ನಾನು ಮೊದಲು ಹೋಗಿದ್ದು ವೃದ್ಧಾಶ್ರಮಕ್ಕೆ. "ನಮ್ಮಲ್ಲಿ ಎದ್ದು ಓಡಾಡೋರಿಗೆ ಮಾತ್ರ ಜಾಗ. ಎತ್ತಿ ಕೂರಿಸೋಕೆ ಜನ ಇಲ್ಲಪ್ಪ" ಅಂದರು. ತಪ್ಪು ಅವರದ್ದಲ್ಲ. ದಿಕ್ಕಿಲ್ಲದ ಹಿರಿಯರಿಗೆ ಊಟ, ಸೂರು ಕೊಡುವ ಜಾಗ ಅದು. ಕೊಯಮತ್ತೂರು, ಬೆಂಗಳೂರು ಕಡೆ ಹಿರಿಯರಿಗೆ ಅಂತಲೇ ಕಟ್ಟಿದ ಅಪಾರ್ಟ್‌ಮೆಂಟ್‌ಗಳಿವೆಯಲ್ಲ, ಅದು ಗಟ್ಟಿಮುಟ್ಟಾಗಿರುವವರಿಗೆ, ದುಡ್ಡಿರುವವರಿಗೆ. ನಮಗೆ ಎರಡೂ ಅಲ್ಲ.

ಆಮೇಲೆ ಏಜೆನ್ಸಿಯಿಂದ ಹೋಮ್ ನರ್ಸ್ ಕರೆಸಿದೆವು. ಹೋಮ್ ನರ್ಸ್ ಅಂದಮಾತ್ರಕ್ಕೆ ನರ್ಸಿಂಗ್ ಓದಿರುತ್ತಾರೆ ಅಂತೇನಿಲ್ಲ, ಮೊದಲೇ ಕೇಳಿಬಿಡಿ. ಹನ್ನೆರಡು ದಿನಕ್ಕೆ ಮೂರು ಜನ ಬದಲಾದರು. ಒಬ್ಬಾಕೆಗೆ ವಾಕರ್‌ನ ಎತ್ತರ ಇಳಿಸೋದು ನಾನೇ ತೋರಿಸಬೇಕಾಯಿತು.

ಕೇಂದ್ರದ ವಿಷಯಕ್ಕೆ ಬರುತ್ತೇನೆ. ತಿಂಗಳಿಗೆ 22,000, ಮುಂಗಡ 20,000. ಡೈಪರ್, ಔಷಧಿ, ಫಿಸಿಯೋಥೆರಪಿ ಬೇರೆ. ಸೇರಿಸುವಾಗ ಇದನ್ನು ಬಾಯಲ್ಲಿ ಹೇಳಲಿಲ್ಲ, ಚೀಟಿಯ ಹಿಂದೆ ಸಣ್ಣಕ್ಷರದಲ್ಲಿತ್ತು. ಕೋಣೆ ಚೊಕ್ಕಟ, ಗಾಳಿ ಬೆಳಕು ಚೆನ್ನಾಗಿತ್ತು. ಆದರೆ ಟಾಯ್ಲೆಟ್‌ನಲ್ಲಿ ಹಿಡಿದುಕೊಳ್ಳೋಕೆ ಅಂತ ಹಾಕಿದ್ದು ಟವೆಲ್ ಒಣಹಾಕುವ ಸರಳು! ನಾನು ಸುಮ್ನೆ ಒಂದು ಸಲ ಜಗ್ಗಿದೆ, ಸ್ಕ್ರೂ ಸಮೇತ ಕೈಗೆ ಬಂತು. ಮಾರನೇ ದಿನ ದಪ್ಪ ಪೈಪ್ ಹಾಕಿಸಿದರು, ಅದಕ್ಕೆ ಮೆಚ್ಚುಗೆ ಇದೆ. ಕರೆಗಂಟೆಯ ಸ್ವಿಚ್ ಮಾತ್ರ ಗೋಡೆಯಲ್ಲಿ, ಮಲಗಿದವರ ಕೈಗೆ ಎಟುಕದಷ್ಟು ದೂರ. ಎದ್ದು ಹೋಗಿ ಒತ್ತುವಷ್ಟು ಶಕ್ತಿ ಇದ್ದರೆ ಅಲ್ಲಿಗೆ ಯಾಕೆ ಸೇರಿಸಬೇಕಿತ್ತು, ಅಲ್ವಾ?

ಆ ಕೊರತೆ ತುಂಬಿದ್ದು ರಾತ್ರಿ ಪಾಳಿಯ ಒಬ್ಬ ಅಕ್ಕ. ಒಂದು ರಾತ್ರಿ ನಾನೂ ಅಲ್ಲೇ ಉಳಿದಿದ್ದೆ. ಎರಡು ಗಂಟೆಗೆ ಬಂದು, ಅವ್ವನ ಮೊಣಕಾಲ ನಡುವೆ ದಿಂಬು ಇಟ್ಟು, ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ಮಗ್ಗಲು ಬದಲಿಸಿದರು. ಬೆನ್ನು ಒದ್ದೆಯಾಗಿದೆಯಾ ಅಂತ ಸವರಿ ನೋಡಿದರು. ನಾಲ್ಕಕ್ಕೆ ಮತ್ತೆ ಬಂದರು. 40 ದಿನ ಹಾಸಿಗೆ ಹಿಡಿದರೂ ಅವ್ವನಿಗೆ ಹಾಸಿಗೆ ಹುಣ್ಣು ಆಗಲಿಲ್ಲ. ಅವರ ವಾರದ ರಜೆಯ ರಾತ್ರಿ ಮಾತ್ರ ಇಡೀ ಮಹಡಿಗೆ ಒಬ್ಬ ಹುಡುಗ, ಅವನೂ ಕುರ್ಚಿಯಲ್ಲೇ ನಿದ್ದೆ.

ಊಟ ಸಪ್ಪೆ. ಅವ್ವನ ದೂರು ಬೇರೆಯೇ ಇತ್ತು: "ಎಲ್ಲಾರೂ ಅಜ್ಜಿ ಅಜ್ಜಿ ಅಂತಾರಪ್ಪ, ನನ್ ಹೆಸ್ರೇ ಮರ್ತು ಹೋಗೈತಿ." ಭಾನುವಾರ ಮಂಡಕ್ಕಿ, ಮಿರ್ಚಿ ಒಯ್ದರೆ ಮಂಡಕ್ಕಿ ಪಕ್ಕದ ಮಂಚದವರಿಗೆ ಹಂಚಿ, ಮಿರ್ಚಿ ತಾನೇ ಇಟ್ಟುಕೊಳ್ಳುತ್ತಿದ್ದಳು. ಓಣಿಯಲ್ಲಿ "ತಾಯಿನ ಆಶ್ರಮಕ್ಕೆ ಹಾಕಿದ್ರಂತೆ" ಅಂತ ಮಾತೂ ಆಯಿತು. ಆಗಲಿ.

ಇಂಥ ಜಾಗ ಹುಡುಕುವವರು ಹಗಲು ಹೋಗಬೇಡಿ, ರಾತ್ರಿ ಊಟ ಆದ ಮೇಲೆ ಹೋಗಿ. ಒಬ್ಬ ಆಯಾ ಎಷ್ಟು ಮಂಚ ನೋಡ್ತಾರೆ ಅಂತ ಕೇಳಿ. ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.

ಐದಕ್ಕೆ ಮೂರು ಕೊಡುತ್ತೇನೆ. ಬರುವಾಗ ಮುಂಗಡದಲ್ಲಿ 3,000 ಹಿಡಿದುಕೊಂಡರು, ಹಾಸಿಗೆ ಹಾಳಾಯಿತಂತೆ. ಬಿಲ್ ಕೇಳಿದ್ದೇನೆ, ಇನ್ನೂ ಬಂದಿಲ್ಲ.