ನಮ್ಮ ಲೇಔಟ್‌ನ ‘ತೋಳ’ ಮತ್ತು ಐನ್ಯಾಚುರಲಿಸ್ಟ್ ಆಪ್

ನೇರವಾಗಿ ವಿಷಯಕ್ಕೆ ಬರುತ್ತೇನೆ. ರಾತ್ರಿ ಹೊತ್ತು ಏರಿಯಾದಲ್ಲಿ ನಾಯಿ ಥರದ್ದು ಏನೋ ಓಡಾಡಿತು, ಯಾರೋ ಮಸುಕು ವಿಡಿಯೋ ಹಾಕಿದರು, ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ತೋಳ ಅಂದರು, ಉಳಿದವರು ಚಿರತೆ ಮರಿ ಅಂದರು. ಇಂಥ ಗಲಾಟೆ ಬಿಡಿಸೋಕೆ ಪುಕ್ಕಟೆಯಾಗಿ ಸಿಗುವ ದಾರಿಗಳಲ್ಲಿ ನಾನು ನೋಡಿದ ಮಟ್ಟಿಗೆ, ಫೋಟೋ ಹಾಕಿದರೆ ಯಾವ ಪ್ರಾಣಿ ಅಂತ ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಆಪ್ ಒಳ್ಳೆಯದು. ಆದರೆ ಅದು ಏನು ಮಾಡುತ್ತದೆ, ಏನು ಮಾಡಲ್ಲ ಅಂತ ತಿಳಿದುಕೊಂಡೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಎರಡನೇ ದಿನಕ್ಕೆ ಬೇಜಾರಾಗಿ ತೆಗೆದುಹಾಕುತ್ತೀರಿ.

ನಮ್ಮದು ಯಲಹಂಕ ದಾಟಿ ಹೆಸರಘಟ್ಟದ ಕಡೆ ಇರುವ ಲೇಔಟ್. ಅರ್ಧ ಸೈಟುಗಳು ಇನ್ನೂ ಖಾಲಿ, ಲಂಟಾನ ಆಳೆತ್ತರ ಬೆಳೆದಿದೆ, ಹಿಂದುಗಡೆ ಕೆರೆ ಏರಿ. ಗ್ರೂಪಿಗೆ ಎರಡು ವಿಡಿಯೋ ಬಂದವು. ಒಂದರಲ್ಲಿ ಮೈಮೇಲೆ ಕೂದಲೇ ಇಲ್ಲದ, ಬೂದಿ ಬಣ್ಣದ, ಬೆನ್ನು ಗೂನಾದ ಪ್ರಾಣಿ ಟ್ರಾನ್ಸ್‌ಫಾರ್ಮರ್ ಪಕ್ಕ ಕಸ ಕೆದಕುತ್ತಿದೆ. ಇನ್ನೊಂದರಲ್ಲಿ ಬೆಳಗಿನ ಜಾವ ಕಂದು ಬಣ್ಣದ್ದೊಂದು ತಲೆ ತಗ್ಗಿಸಿಕೊಂಡು ಕಾಂಪೌಂಡ್ ಉದ್ದಕ್ಕೂ ಹೋಗುತ್ತಿದೆ. ಎರಡೂ ಒಂದೇ ಪ್ರಾಣಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿ, ಅದಕ್ಕೆ ತೋಳ ಅಂತ ಹೆಸರಿಟ್ಟು, ಸಂಜೆಯಾದ ಮೇಲೆ ಮಕ್ಕಳನ್ನು ಆಚೆ ಬಿಡುವುದನ್ನೇ ನಿಲ್ಲಿಸಿಬಿಟ್ಟರು. ಸೆಕ್ಯುರಿಟಿ ತಾತ ಎರಡನೇ ವಿಡಿಯೋ ನೋಡಿ “ಇದು ನರಿ ಸಾರ್, ನಮ್ಮೂರ ಹೊಲದಲ್ಲಿ ಬೇಕಾದಷ್ಟು” ಅಂದಿದ್ದರು. ಅವರ ಮಾತು ಯಾರು ಕೇಳುತ್ತಾರೆ, ಅಲ್ವಾ?

ಆಮೇಲೆ ಮೂರನೇ ಬ್ಲಾಕ್‌ನವರೊಬ್ಬರು ಫೋಟೋ ನೋಡಿ ನಾಯಿ ತಳಿ ಹೇಳುವ ಆಪ್ ಹಾಕಿಕೊಂಡರು. ಹೆಸರು ಬೇಡ, ಇಂಥವು ರಾಶಿ ಇವೆ. ಕೂದಲಿಲ್ಲದ ಪ್ರಾಣಿಯ ಒಂದು ಫ್ರೇಮ್ ಕೊಟ್ಟರೆ ಜರ್ಮನ್ ಶೆಫರ್ಡ್ ಅಂದಿತು. ಅದೇ ವಿಡಿಯೋದ ಇನ್ನೊಂದು ಫ್ರೇಮ್ ಕೊಟ್ಟರೆ ಮೆಕ್ಸಿಕೋದ ಬೋಳುನಾಯಿ ಅಂದಿತು, ಅದೂ ಶೇಕಡಾವಾರು ಲೆಕ್ಕ ಕೊಟ್ಟು, ಬಣ್ಣಬಣ್ಣದ ಚಾರ್ಟ್ ಸಮೇತ. ಪೂರ್ತಿ ರಿಪೋರ್ಟ್ ಬೇಕಾದರೆ ದುಡ್ಡು ಕಟ್ಟಿ ಅಂತ ಬೇರೆ. ಇಂಥ ಆಪ್‌ಗಳ ತೊಂದರೆ ಸರಳವಾದದ್ದು. ಅವಕ್ಕೆ ಕಲಿಸಿರುವುದು ತಳಿಗಳನ್ನು ಮಾತ್ರ. ನರಿ ಕೊಟ್ಟರೂ, ತೋಳ ಕೊಟ್ಟರೂ, ಇರುವ ತಳಿಗಳಲ್ಲೇ ಹತ್ತಿರದ್ದನ್ನು ಎತ್ತಿ ಕೈಗೆ ಕೊಡುತ್ತವೆ. “ಇದು ನಾಯಿಯೇ ಅಲ್ಲ ಕಣ್ರೀ” ಅನ್ನೋ ಉತ್ತರ ಅವುಗಳ ಹತ್ತಿರ ಇರುವುದೇ ಇಲ್ಲ.

ಐನ್ಯಾಚುರಲಿಸ್ಟ್ ಬೇರೆ ಜಾತಿಯ ವ್ಯವಸ್ಥೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೂವರು ವಿದ್ಯಾರ್ಥಿಗಳು ಕೋರ್ಸಿನ ಪ್ರಾಜೆಕ್ಟ್ ಆಗಿ ಶುರು ಮಾಡಿದ್ದು. 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ಜಾಹೀರಾತಿಲ್ಲ, ಶುಲ್ಕವಿಲ್ಲ. ನೀವು ಕಂಡ ಗಿಡ, ಹುಳ, ಹಕ್ಕಿ, ಪ್ರಾಣಿ ಏನಾದರೂ ಫೋಟೋ ಹಾಕಬಹುದು. ಮೊದಲು ಕಂಪ್ಯೂಟರ್ ಒಂದಷ್ಟು ಹೆಸರು ಸೂಚಿಸುತ್ತದೆ. ಅದರ ಮೇಲೆ ನಿಜವಾದ ಮನುಷ್ಯರು, ಕೆಲವರು ಪ್ರಾಣಿಶಾಸ್ತ್ರಜ್ಞರು, ಕೆಲವರು ನಮ್ಮ ನಿಮ್ಮಂಥ ಹುಚ್ಚಿನವರು, ಬಂದು ನೋಡಿ ಒಪ್ಪುತ್ತಾರೆ ಅಥವಾ ಜಗಳ ಆಡುತ್ತಾರೆ. ಕನಿಷ್ಠ ಇಬ್ಬರು ಗುರುತಿಸಿರಬೇಕು, ಮೂರನೇ ಎರಡಕ್ಕಿಂತ ಜಾಸ್ತಿ ಜನ ಒಂದೇ ಪ್ರಭೇದ ಅನ್ನಬೇಕು, ಫೋಟೋ ಜೊತೆ ದಿನಾಂಕ ಮತ್ತು ಜಾಗ ಇರಬೇಕು. ಆಗ ಅದಕ್ಕೆ ‘ರಿಸರ್ಚ್ ಗ್ರೇಡ್’ ಅನ್ನೋ ಮುದ್ರೆ ಬೀಳುತ್ತದೆ. ಜನ ಒಪ್ಪದಿದ್ದರೆ ಹೆಸರು ಒಂದು ಮೆಟ್ಟಿಲು ಮೇಲೆ ಹೋಗಿ ‘ನಾಯಿ ಕುಟುಂಬದ ಯಾವುದೋ ಪ್ರಾಣಿ’ ಅನ್ನೋ ಮಟ್ಟದಲ್ಲಿ ನಿಲ್ಲುತ್ತದೆ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಈ ನಿಲ್ಲುವ ಗುಣವೇ.

ಜಾಗ ಮತ್ತು ಸಮಯ ಕೇಳುವುದೂ ಸುಮ್ನೆ ಅಲ್ಲ. ಕಂದು ಬಣ್ಣದ, ಕಿವಿ ನೆಟ್ಟಗಿರುವ ಪ್ರಾಣಿ ಅಮೆರಿಕದಲ್ಲಿ ಕಂಡರೆ ಕಯೋಟಿ (ಅಲ್ಲಿನ ನಾಯಿ ಕುಟುಂಬದ ಕಾಡುಪ್ರಾಣಿ) ಇರಬಹುದು. ಬೆಂಗಳೂರಿನಲ್ಲಿ ಅದು ಸಾಧ್ಯವಿಲ್ಲ. ಹತ್ತಿರದಲ್ಲಿ ಹಿಂದೆ ಏನೇನು ದಾಖಲಾಗಿದೆ ಅಂತ ನೋಡಿಕೊಂಡೇ ಆಪ್ ಹೆಸರು ಕೊಡುತ್ತದೆ. ಇಲ್ಲೊಂದು ಕಿವಿಮಾತು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಲ್ಲಿ ಜಾಗ, ಸಮಯದ ಮಾಹಿತಿ ಅಳಿಸಿಹೋಗಿರುತ್ತದೆ. ಜೊತೆಗೆ, ಬೇರೆಯವರು ತೆಗೆದ ಫೋಟೋವನ್ನು ನಿಮ್ಮದು ಅಂತ ಹಾಕುವ ಹಾಗಿಲ್ಲ. ಹಾಗಾಗಿ ಫಾರ್ವರ್ಡ್ ಆದದ್ದು ಪ್ರಯೋಜನಕ್ಕೆ ಬರಲ್ಲ. ಕ್ಯಾಮೆರಾ ಹಿಡಿದವರೇ ಅಕೌಂಟ್ ಮಾಡಿ ಹಾಕಬೇಕು. ನಮ್ಮಲ್ಲಿ ಬೆಳಗಿನ ಜಾವದ ವಿಡಿಯೋ ನನ್ನ ತಂಗಿಯದು, ರಾತ್ರಿಯದು ಎದುರು ಮನೆ ಹುಡುಗನದು. ಇಬ್ಬರೂ ಅವರವರ ಫ್ರೇಮ್‌ಗಳನ್ನು ಹಾಕಿದರು. ಆಪಿನ ನಿಯಮವೇ ಹಾಗೆ: ಒಂದು ದಾಖಲೆ ಅಂದರೆ ಒಂದು ಪ್ರಾಣಿ, ಒಂದು ಜಾಗ, ಒಂದು ಹೊತ್ತು.

ಲೇಔಟಿನ ಕಥೆ ಮುಗಿದದ್ದು ಈ ನಿಯಮದಿಂದ. ಎರಡು ದಾಖಲೆಗೆ ಎರಡು ಬೇರೆ ಉತ್ತರ ಬಂತು. ನಾವು ಇಷ್ಟು ದಿನ ಹೆದರಿದ್ದು ಒಂದೇ ಪ್ರಾಣಿಗಲ್ಲ!

ಬೋಳು ಪ್ರಾಣಿ ಅಪ್ಪಟ ಬೀದಿನಾಯಿ. ಒಬ್ಬರು ಫೋಟೋ ದೊಡ್ಡದು ಮಾಡಿ ನೋಡಿ, ಕಿವಿ ತುದಿಯಲ್ಲಿ ಕತ್ತರಿಸಿದ ಗುರುತಿದೆ ನೋಡಿ ಅಂದರು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗೆ ಹಾಕುವ ಗುರುತು ಅದು. ಯಾವ ತೋಳ ಆಪರೇಷನ್ ಮಾಡಿಸಿಕೊಂಡು ಕಿವಿ ಕತ್ತರಿಸಿಕೊಂಡು ಬರುತ್ತದೆ ಹೇಳಿ? ಕೂದಲು ಹೋಗಿದ್ದು ಕಜ್ಜಿಯಿಂದ. ಚರ್ಮದೊಳಗೆ ಬಿಲ ಕೊರೆಯುವ ಕಣ್ಣಿಗೆ ಕಾಣದ ಹುಳ ಇದಕ್ಕೆ ಕಾರಣ. ಚರ್ಮ ದಪ್ಪಗಾಗಿ, ಬೂದು ಬಣ್ಣ ಬಂದು, ಮೈ ಇಳಿದು, ಮುಖದ ಆಕಾರವೇ ಬೇರೆ ಥರ ಕಾಣುತ್ತದೆ. ನಗರಗಳಲ್ಲಿ ಕಾಣುವ ಎಷ್ಟೋ ‘ವಿಚಿತ್ರ ಪ್ರಾಣಿ’ಗಳ ಹಿಂದೆ ಇರುವುದು ಈ ಹುಳವೇ. 2022ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಥದ್ದೇ ಒಂದು ಸಿಕ್ಕಿತ್ತು. ಚಳಿಗೆ ನಡುಗುತ್ತಿದ್ದ ಬೋಳು ಪ್ರಾಣಿ. ನಾಯಿಯೋ ಕಯೋಟಿಯೋ ಅಂತ ವನ್ಯಜೀವಿ ಆರೈಕೆ ಮಾಡುವವರಿಗೇ ಗೊತ್ತಾಗದೆ ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವಷ್ಟರಲ್ಲಿ ಅದು ಕೋಣೆಯಿಂದ ತಪ್ಪಿಸಿಕೊಂಡು ಓಡಿಹೋಗಿತ್ತು. ಆಮೇಲೆ ಗೊತ್ತಾಯಿತು, ಕಯೋಟಿ. ಪಳಗಿದ ಕೈಗಳಿಗೇ ಹೀಗಾದರೆ ನಮ್ಮ ಗ್ರೂಪಿನ ಅಂಕಲ್‌ಗಳನ್ನು ಏನು ದೂರುವುದು.

ಎರಡನೆಯದು ನರಿ, ಇಂಗ್ಲಿಷಿನಲ್ಲಿ ಜಾಕಲ್ ಅನ್ನುತ್ತಾರಲ್ಲ, ಅದು. ತಾತ ಹೇಳಿದ್ದೇ ಸರಿ. ಗುರುತಿಸಿದವರು ಬರೆದ ವಿವರಣೆ ನನಗೆ ಇಡೀ ಆಪಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ಮೊದಲು ಬಾಲ ನೋಡಿ ಅಂದರು. ಬೀದಿನಾಯಿಯ ಬಾಲ ಸಾಮಾನ್ಯವಾಗಿ ಮೇಲಕ್ಕೆ ಸುರುಳಿಯಾಗುತ್ತದೆ. ನರಿ, ತೋಳ ಯಾವುದೂ ಬಾಲವನ್ನು ಬೆನ್ನ ಮೇಲೆ ಸುತ್ತಿಕೊಳ್ಳಲ್ಲ. ನರಿಯ ಬಾಲ ಗಿಡ್ಡ, ಪೊದೆಯಂತೆ ಕೆಳಗೆ ಇಳಿಬಿದ್ದಿರುತ್ತದೆ, ತುದಿ ಕಪ್ಪು. ಆಮೇಲೆ ಗಾತ್ರ. ನರಿ ಸುಮಾರು 8ರಿಂದ 11 ಕೆ.ಜಿ. ತೂಗುತ್ತದೆ, ನಮ್ಮ ಬೀದಿನಾಯಿಗಿಂತ ಸಣ್ಣದು ಅನ್ನಿಸುತ್ತದೆ. ತೋಳ ಹೆಚ್ಚುಕಡಿಮೆ ಅದರ ಎರಡು ಪಟ್ಟು ತೂಕ, ಕಾಲು ಉದ್ದ. ಇಂಡಿಯನ್ ಫಾಕ್ಸ್ (ಇದೂ ನರಿ ಥರದ್ದೇ, ಆದರೆ ಬೇರೆ ಪ್ರಭೇದ) ಆದರೆ ಬೆಕ್ಕಿಗಿಂತ ಅಷ್ಟೇನೂ ದೊಡ್ಡದಲ್ಲ. ಕಾಡುನಾಯಿ ಆಗಿದ್ದರೆ ಮೈ ಕೆಂಪು, ಬಾಲ ಕಪ್ಪು, ಕಿವಿ ದುಂಡಗೆ. ನಡಿಗೆಯನ್ನೂ ನೋಡಬೇಕಂತೆ. ಕಾಡಿನವು ಹಿಂಗಾಲನ್ನು ಮುಂಗಾಲಿನ ಹೆಜ್ಜೆಯಲ್ಲೇ ಇಟ್ಟುಕೊಂಡು ಸಾಲಾಗಿ ಹೋಗುತ್ತವೆ, ಊರ ನಾಯಿ ಅತ್ತಿತ್ತ ಮೂಸುತ್ತಾ ಸೊಟ್ಟಂಬಟ್ಟ ಹೋಗುತ್ತದೆ. ಮಳೆ ಬಂದ ಮಾರನೇ ದಿನ ಖಾಲಿ ಸೈಟಿನ ಕೆಸರಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಹೆಜ್ಜೆ ಗುರುತು, ಹಿಕ್ಕೆಯ ಫೋಟೋ ಕೂಡ ಈ ಆಪಿಗೆ ಹಾಕಬಹುದು. ರಾತ್ರಿ ಊಳಿಡುವುದನ್ನು ರೆಕಾರ್ಡ್ ಮಾಡಿ ಧ್ವನಿಯನ್ನೂ ಹಾಕಬಹುದು. ಕತ್ತಲಲ್ಲಿ ಮೊಬೈಲ್ ಫೋಟೋ ಬರುವ ಚಂದ ಗೊತ್ತಲ್ಲ, ಧ್ವನಿಯೇ ವಾಸಿ.

ಕರ್ನಾಟಕದಲ್ಲಿ ತೋಳ ಇಲ್ಲವೇ ಇಲ್ಲ ಅಂತಲ್ಲ. ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದೇ ತೋಳಗಳಿಗಾಗಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮ ಇದೆ. ಆದರೆ ಟ್ರಾನ್ಸ್‌ಫಾರ್ಮರ್ ಪಕ್ಕದ ಕಸದಲ್ಲಿ ಬಿರಿಯಾನಿ ಪೊಟ್ಟಣ ಕೆದಕುವ ಪ್ರಾಣಿಯನ್ನು ಕಂಡ ಕೂಡಲೇ ತೋಳ ಅನ್ನುವ ಮೊದಲು ಊರಲ್ಲಿ ನಾಯಿ ಎಷ್ಟಿವೆ ಅಂತ ಯೋಚಿಸಬೇಕು. ಬಿಬಿಎಂಪಿಯ 2023ರ ಸಮೀಕ್ಷೆ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳು. ನರಿಯೂ ಹೊಸದಾಗಿ ಬಂದಿದ್ದಲ್ಲ. ಹುಲ್ಲುಗಾವಲು, ಕೆರೆ ಅಂಚು ಇರುವಲ್ಲಿ ಅದು ಮೊದಲಿಂದಲೂ ಇತ್ತು. ಲೇಔಟ್ ಆಮೇಲೆ ಬಂತು. ಮುಂಬೈಯಲ್ಲೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನ ಕಾಲೊನಿಗಳಲ್ಲಿ ನರಿ ಕಾಣಿಸುತ್ತವೆ.

ಈಗ ಕೊರತೆಗಳು. ತಳಿ ಬೇಕು ಅನ್ನುವವರಿಗೆ ಈ ಆಪ್ ದಂಡ. ಮುಧೋಳವೋ, ಹಸ್ಕಿ ಮಿಕ್ಸೋ, ಯಾರೋ ಬಿಟ್ಟುಹೋದ ಲ್ಯಾಬ್ರಡಾರೋ, ಇದಕ್ಕೆ ಎಲ್ಲವೂ ‘ನಾಯಿ’ ಅಷ್ಟೇ. ಸಾಕಿದ ಪ್ರಾಣಿ ಅಂತಾದರೆ ದಾಖಲೆ ‘ಕ್ಯಾಶುವಲ್’ ಪಟ್ಟಿಗೆ ಜಾರುತ್ತದೆ, ಆಮೇಲೆ ಹೆಚ್ಚು ಜನ ಅತ್ತ ತಿರುಗಿ ನೋಡಲ್ಲ. ಮಿಶ್ರತಳಿಯ ವಿಷಯಕ್ಕಂತೂ ಫೋಟೋ ಸಾಕಾಗುವುದೇ ಇಲ್ಲ. ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ಬಣ್ಣ ಬೇರೆ ಥರ ಇದ್ದ ತೋಳಗಳು ಕಂಡಿದ್ದವು. ಅವುಗಳಲ್ಲಿ ನಾಯಿಯ ಅಂಶ ಬೆರೆತಿದೆ ಅಂತ ಖಚಿತವಾಗಿದ್ದು ಡಿಎನ್‌ಎ ನೋಡಿದ ಮೇಲೆ, 2023ರಲ್ಲಿ. ಆ ಕೆಲಸದಲ್ಲಿ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಬ್ರೆಜಿಲ್‌ನ ವಕಾರಿಯಾ ಊರಲ್ಲಿ 2021ರಲ್ಲಿ ಕಾರು ಗುದ್ದಿದ ಒಂದು ಹೆಣ್ಣು ಪ್ರಾಣಿಯ ಕಥೆ ಇನ್ನೂ ಮಜವಾಗಿದೆ. ಬೊಗಳುತ್ತಿತ್ತು, ಆದರೆ ನಾಯಿ ಊಟ ಮುಟ್ಟುತ್ತಿರಲಿಲ್ಲ, ಇಲಿ ಕೊಟ್ಟರೆ ತಿನ್ನುತ್ತಿತ್ತು. ನಾಯಿಗೆ 78 ಕ್ರೋಮೋಸೋಮ್, ಅಲ್ಲಿನ ಪಂಪಾಸ್ ಫಾಕ್ಸ್ ಅನ್ನೋ ಕಾಡುಪ್ರಾಣಿಗೆ 74, ಇದಕ್ಕೆ ಸಿಕ್ಕಿದ್ದು 76. ಎರಡರ ಮಿಶ್ರಣ. ಇಂಥದ್ದನ್ನು ಯಾವ ಆಪೂ ಹೇಳಲ್ಲ. ಮನೆಗೆ ತರಿಸುವ ನಾಯಿ ಡಿಎನ್‌ಎ ಕಿಟ್‌ಗಳಿಗೆ ಕೆನ್ನೆಯ ಒಳಗಿನಿಂದ ಎಂಜಲು ತೆಗೆಯಬೇಕು. ಗುರುತಿಲ್ಲದ ಬೀದಿ ಪ್ರಾಣಿಯ ಬಾಯಿಗೆ ಕಡ್ಡಿ ಹಾಕುವ ಸಾಹಸ ದಯವಿಟ್ಟು ಬೇಡ.

ಇನ್ನೊಂದು ಕೊರತೆ ಕಾಯುವುದು. ಕೆಲವಕ್ಕೆ ಬೇಗ ಉತ್ತರ ಬರುತ್ತದೆ, ಕೆಲವು ಹಾಗೇ ಕೂತಿರುತ್ತವೆ. ಎಲ್ಲರೂ ಪುಕ್ಕಟೆ ಕೆಲಸ ಮಾಡುವವರು, ತಗಾದೆ ಮಾಡುವಂತಿಲ್ಲ. ಕಾಮೆಂಟುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ. ತಕ್ಷಣ ಸುಳಿವು ಬೇಕಾದರೆ ಗೂಗಲ್ ಲೆನ್ಸ್ ಇದೆ, ಆದರೆ “ಬಾಲ ಕಾಣುವ ಫ್ರೇಮ್ ಇದೆಯಾ?” ಅಂತ ಎದುರು ಪ್ರಶ್ನೆ ಕೇಳುವವರು ಅಲ್ಲಿಲ್ಲ. ಚಿಕ್ಕ ಮಕ್ಕಳಿಗೆ ಇದೇ ಸಂಸ್ಥೆಯ ‘ಸೀಕ್’ ಆಪ್ ಕೊಡಿ, ಅದಕ್ಕೆ ಅಕೌಂಟೇ ಬೇಡ.

ಕಚ್ಚಿದೆ, ಪರಚಿದೆ ಅಂದರೆ ಇದ್ಯಾವುದೂ ಬೇಡ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ನಾಯಿಯೋ ನರಿಯೋ ಅನ್ನುವುದು ಆಮೇಲೆ, ರೇಬೀಸ್ ಎರಡರಿಂದಲೂ ಬರುತ್ತದೆ. ಕಾಡುಪ್ರಾಣಿ ಗಾಯವಾಗಿ ಬಿದ್ದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೋನಿಟ್ಟು ಹಿಡಿಸೋಣ ಅಂತ ನಮ್ಮ ಗ್ರೂಪಿನಲ್ಲಿ ಚಂದಾ ಎತ್ತಲು ಹೊರಟಿದ್ದರು. ನರಿಯನ್ನು ಹಾಗೆಲ್ಲ ಹಿಡಿಯುವಂತಿಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದೂ ತೋಳದ ಹಾಗೆ, ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಪಟ್ಟಿಯಲ್ಲಿದೆ. ಈ ಮಾಹಿತಿ ಹಾಕಿದ ಮೇಲೆ ಚಂದಾದ ಸುದ್ದಿ ನಿಂತಿತು. ಆ ದುಡ್ಡಲ್ಲಿ ಕಜ್ಜಿ ನಾಯಿಗೆ ಡಾಕ್ಟರನ್ನು ಕರೆಸಿದ್ದಾರೆ.

ನನ್ನ ಅಂಕ 5ಕ್ಕೆ 4. ಒಂದು ಅಂಕ ಕಡಿದಿದ್ದು ಜಾಗದ ವಿಷಯಕ್ಕೆ. ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಆಪ್ ತಾನಾಗಿಯೇ 20 ಕಿ.ಮೀ. ಆಸುಪಾಸಿನ ಚೌಕದೊಳಗೆ ಮಸುಕು ಮಾಡುತ್ತದೆ. ಬೀದಿನಾಯಿಗೆ ಹಾಗೆ ಮಾಡಲ್ಲ. ಅಂದರೆ ನಿಮ್ಮ ಮನೆ ಗೇಟಿನಿಂದ ತೆಗೆದ ನಾಯಿ ಫೋಟೋ ಹಾಕಿದರೆ ನಿಮ್ಮ ಗೇಟು ಎಲ್ಲಿದೆ ಅಂತ ಲೋಕಕ್ಕೆಲ್ಲ ಕಾಣುತ್ತದೆ. ಹಾಕುವ ಮುಂಚೆ ಜಿಯೋಪ್ರೈವಸಿ ಅನ್ನೋ ಕಡೆ ಒತ್ತಿ ‘ಅಬ್ಸ್‌ಕ್ಯೂರ್ಡ್’ (ಜಾಗ ಮಸುಕು) ಮಾಡಿಕೊಳ್ಳಿ. ಎದುರು ಮನೆ ಹುಡುಗನಿಗೆ ಅದನ್ನು ತೋರಿಸಿಕೊಟ್ಟಿದ್ದು ನನ್ನ ತಂಗಿ.