ಗಬ್ಬದ ಕುದುರೆಗೆ ನೊರಜು ಹೊದಿಕೆ: ಹೊಟ್ಟೆ ಬೆಳೆದಂತೆ ಬಣ್ಣ ಬಯಲು

ಕೀಟ ಕಡಿತದ ಅಲರ್ಜಿ ಇರುವ ಕುದುರೆಗಳಿಗೆಂದು ಮಾರುವ ಹೊದಿಕೆಗಳಲ್ಲಿ ಎರಡು ಬಗೆ. ಒಂದು ಸಾಮಾನ್ಯ ನೊಣದ ಬಲೆ. ಬೆನ್ನು ಮುಚ್ಚುತ್ತದೆ, ಹೊಟ್ಟೆಯನ್ನು ಹಾಗೇ ಬಿಡುತ್ತದೆ. ಇನ್ನೊಂದು ಕಿವಿಯ ಹಿಂದಿನಿಂದ ಬಾಲದ ಬುಡದವರೆಗೆ ಮೈಗೆ ಹೊಂದಿಕೊಂಡು ಕೂರುವ, ಹೊಟ್ಟೆಯಡಿಗೆ ಅಗಲವಾದ ಪಟ್ಟಿ ಇರುವ, ಒತ್ತಾದ ನೇಯ್ಗೆಯ ಪೂರ್ಣ ಹೊದಿಕೆ. ‘ಸ್ವೀಟ್ ಇಚ್ ರಗ್’ ಎಂಬ ಹೆಸರಲ್ಲಿ ಸಿಗುವುದು ಇದೇ. ಈ ವಿಮರ್ಶೆ ಎರಡನೆಯದರ ಬಗ್ಗೆ, ಅದೂ ಗಬ್ಬದ ಕುದುರೆಯ ಮೈಮೇಲೆ ಅದು ಹೇಗೆ ನಿಲ್ಲುತ್ತದೆ ಎಂಬುದರ ಬಗ್ಗೆ ಮಾತ್ರ. ಮೊದಲ ಎಂಟು ತಿಂಗಳಿಗೆ 5ಕ್ಕೆ 4.5 ಅಂಕ ಧಾರಾಳವಾಗಿ ಕೊಡಬಹುದು. ಕೊನೆಯ ಮೂರು ತಿಂಗಳಿಗೆ, ವಾರಕ್ಕೊಮ್ಮೆ ಕೈಯಾಡಿಸಿ ಪಟ್ಟಿ ಸಡಿಲಿಸುವವರಿಗೆ 3.5, ಹಾಕಿ ಮರೆತುಬಿಡುವವರಿಗೆ 1.

ಗಬ್ಬದ ಕುದುರೆಗೆ ಬಟ್ಟೆಯ ಮೇಲೆ ಇಷ್ಟೊಂದು ಭಾರ ಹಾಕುವುದಕ್ಕೆ ಕಾರಣವಿದೆ. ಬೇರೆ ಕುದುರೆಯಾದರೆ ನವೆ ಕೈಮೀರಿದಾಗ ಕೆಲವು ದಿನ ಸ್ಟೀರಾಯ್ಡ್ ಕೊಟ್ಟು ತಗ್ಗಿಸುವ ದಾರಿ ಇದೆ. ಇಲ್ಲಿ ಆ ಬಾಗಿಲು ಅರ್ಧ ಮುಚ್ಚಿದೆ. ಕುದುರೆಯ ಗಬ್ಬದ ಅವಧಿ ಸರಾಸರಿ 340 ದಿನ. ಮರಿ ಅವಧಿಗೆ ಮುಂಚೆ ಹುಟ್ಟುವ ಅಪಾಯ ಕಂಡರೆ, ಅದು ಬೇಗ ಬಲಿಯಲೆಂದು ಪಶುವೈದ್ಯರು 315ನೇ ದಿನದ ಆಸುಪಾಸಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 100 ಮಿ.ಗ್ರಾಂನಂತೆ ಮೂರು ದಿನ ಕೊಡುವುದುಂಟು. ಅಂದರೆ ಈ ಔಷಧ ದೊಡ್ಡ ಪ್ರಮಾಣದಲ್ಲಿ ಹೆರಿಗೆಯನ್ನೇ ಅವಧಿಗೆ ಮುಂಚೆ ತರಬಲ್ಲದು. ನವೆಗೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ, ನಿಜ. ಆದರೂ ಗೊರಸಿನ ಉರಿಯೂತದ (ಲ್ಯಾಮಿನೈಟಿಸ್) ಭಯವೂ ಸೇರಿ, ಗಬ್ಬದಲ್ಲಿ ಅದನ್ನು ಪಶುವೈದ್ಯರು ಕೊನೆಗೇ ಇಟ್ಟುಕೊಳ್ಳುತ್ತಾರೆ. ಕಡಿತವೇ ಆಗದಂತೆ ತಡೆಯುವುದು ಉಳಿದ ದಾರಿ.

ಕಡಿಯುವುದು ಹೆಚ್ಚಾಗಿ ಕ್ಯುಲಿಕಾಯ್ಡಿಸ್ ಎಂಬ ನೊರಜು. ಉದ್ದ 1ರಿಂದ 3 ಮಿ.ಮೀ. ಅದರ ಜೊಲ್ಲಿನಲ್ಲಿರುವ ಪ್ರೋಟೀನ್‌ಗೆ ಕುದುರೆಯ ಮೈ ಎರಡು ಸಲ ಸಿಡಿಯುತ್ತದೆ: ಕಡಿದ ಸ್ವಲ್ಪ ಹೊತ್ತಿನಲ್ಲೇ ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ಹಾಗಾಗಿ ‘ನಿನ್ನೆ ಹೊದಿಕೆ ಹಾಕಿದೆವು, ಇವತ್ತೂ ತುರಿಸಿಕೊಳ್ಳುತ್ತಿದೆ, ಇದು ಕೆಲಸಕ್ಕೆ ಬಾರದು’ ಎಂಬ ತೀರ್ಮಾನ ಆತುರದ್ದು. ಎರಡು ವಾರ ನೋಡಿ. ಅದಕ್ಕಿಂತ ಒಳ್ಳೆಯದು, ನೊರಜಿನ ಕಾಲ ಶುರುವಾಗುವ ಎರಡು ವಾರ ಮೊದಲೇ ಹಾಕಿಬಿಡುವುದು. ಚರ್ಮ ಒಮ್ಮೆ ಕೆರಳಿದ ಮೇಲೆ ಎಷ್ಟು ಒಳ್ಳೆಯ ಬಟ್ಟೆಯೂ ಏದುಸಿರು ಬಿಡುತ್ತದೆ.

ಮೊದಲು ನೇಯ್ಗೆ. ಸೊಳ್ಳೆಪರದೆಯ ಕಂಡಿ 1.2ರಿಂದ 1.5 ಮಿ.ಮೀ. ಇರುತ್ತದೆ, ನೊರಜು ಅದರಲ್ಲಿ ಆರಾಮಾಗಿ ನುಸುಳುತ್ತದೆ. ನೊಣದ ಬಲೆಯಂತೂ ಅದಕ್ಕೆ ತೆರೆದ ಬಾಗಿಲೇ. ಹೊದಿಕೆ ಕೊಳ್ಳುವಾಗ ಬಟ್ಟೆಯನ್ನು ಸುಮ್ಮನೆ ಬೆಳಕಿಗೆ ಹಿಡಿದು ನೋಡಿದರೆ ಸಾಲದು. ಮುಷ್ಟಿಯ ಮೇಲೆ ಬಿಗಿಯಾಗಿ ಎಳೆದು, ಆಮೇಲೆ ಬೆಳಕಿಗೆ ಹಿಡಿಯಿರಿ. ಹಿಗ್ಗುವ ಬಟ್ಟೆ ಎಳೆದಾಗ ಕಂಡಿ ಬಿಚ್ಚಿಕೊಳ್ಳುತ್ತದೆ. ಗಬ್ಬದ ಕುದುರೆಯಲ್ಲಿ ಅದು ಅತಿ ಹೆಚ್ಚು ಹಿಗ್ಗುವುದು ಹೊಟ್ಟೆಯ ಮೇಲೆ. ನೊರಜಿನ ಕೆಲವು ಜಾತಿಗಳು ಹುಡುಕಿಕೊಂಡು ಬರುವುದೂ ಹೊಟ್ಟೆಯ ನಡುಗೆರೆಯನ್ನೇ. ಐದನೇ ತಿಂಗಳಲ್ಲಿ ಚೆನ್ನಾಗಿ ತಡೆದ ಹೊದಿಕೆ ಹತ್ತನೇ ತಿಂಗಳಲ್ಲಿ ಸೋಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬಟ್ಟೆ ಹಳತಾಯಿತೆಂದು ಜನ ಬೈಯುತ್ತಾರೆ. ಹಳತಾಗಿರುವುದಿಲ್ಲ, ಅಳತೆ ಮೀರಿರುತ್ತದೆ.

ಪಟ್ಟೆಪಟ್ಟೆಯ ‘ಜೀಬ್ರಾ’ ಹೊದಿಕೆಗಳ ಬಗ್ಗೆ ಒಂದು ಮಾತು. ಪಟ್ಟೆಯ ಮೇಲೆ ಕುದುರೆನೊಣಗಳು ಇಳಿಯುವುದು ಕಡಿಮೆ ಎಂದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಆದರೆ ಆ ನೊಣ ಬೇರೆ, ಈ ನೊರಜು ಬೇರೆ. ಕಂಡಿ ದೊಡ್ಡದಿದ್ದರೆ ಪಟ್ಟೆ ನೋಡಿ ಮರುಳಾಗಬೇಡಿ.

ಈಗ ಹೊಟ್ಟೆಯ ವಿಷಯ. ಹೊದಿಕೆಯ ಯೋಗ್ಯತೆ ಗೊತ್ತಾಗುವುದೇ ಇಲ್ಲಿ. ಅಳತೆಯನ್ನು ಎದೆಯ ನಡುವಿನಿಂದ, ಪಕ್ಕದ ಮೇಲೆ ಹಾಯಿಸಿ, ಪೃಷ್ಠದ ಅಂಚಿನವರೆಗೆ ತೆಗೆಯುತ್ತಾರೆ. ಹೊಟ್ಟೆ ಬೆಳೆಯುತ್ತದಲ್ಲ ಎಂದು ಒಂದು ಸೈಜ್ ದೊಡ್ಡದು ತರುವುದು ಸಾಮಾನ್ಯ ತಪ್ಪು. ದೊಡ್ಡ ಹೊದಿಕೆ ಹಿಂದಕ್ಕೆ ಜಾರಿ ಹೆಗಲ ದಿಬ್ಬದ ಮೇಲೆ ಕೂದಲು ಸವೆಸುತ್ತದೆ, ಕುತ್ತಿಗೆಯ ಹತ್ತಿರ ಬಾಯಿ ಬಿಡುತ್ತದೆ. ಬೆನ್ನಿನ ಉದ್ದಕ್ಕೆ ಸರಿಯಾದ ಸೈಜನ್ನೇ ತಂದು, ಹೊಟ್ಟೆಪಟ್ಟಿ ಬೇರೆಯಾಗಿ ಬಿಚ್ಚಿ ಉದ್ದ ಮಾಡಬಹುದಾದ ಮಾದರಿಯನ್ನು ಆರಿಸಬೇಕು. ಒಂದೇ ತುಂಡಾಗಿ ಹೊಲಿದ ಎಲಾಸ್ಟಿಕ್ ಹೊಟ್ಟೆಯ ಮಾದರಿ ನೋಡಲು ಚೆಂದ, ತುಂಬುಗಬ್ಬಕ್ಕೆ ಬೇಡ. ಮೂರು ಬಕಲ್ ಇರುವ ಪಟ್ಟಿ ಎರಡು ಬಕಲ್‌ನದಕ್ಕಿಂತ ವಾಸಿ, ಯಾಕೆಂದರೆ ಹಿಂದಿನದನ್ನು ಮಾತ್ರ ಸಡಿಲಿಸಿ ಮುಂದಿನೆರಡನ್ನು ಹಾಗೇ ಇಡಬಹುದು. ವೆಲ್ಕ್ರೋ ಮಾತ್ರ ಇದ್ದರೆ ಕೂದಲು, ಹುಲ್ಲು ತುಂಬಿಕೊಂಡು ಹಿಡಿತ ಬಿಡುತ್ತದೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ಕೆರೆದು ತೆಗೆಯಬೇಕು.

ಪಟ್ಟಿ ಕಟ್ಟಿದ ಮೇಲೆ ಅಂಗೈ ಚಪ್ಪಟೆಯಾಗಿ, ತಡೆಯಿಲ್ಲದೆ ಒಳಗೆ ಹೋಗಿಬರಬೇಕು. ಕೈ ಹೊರಗೆ ತೆಗೆದಾಗ ಚರ್ಮದ ಮೇಲೆ ಪಟ್ಟಿಯ ಗೆರೆ ಮೂಡಿದ್ದರೆ ಬಿಗಿಯಾಯಿತು. ಮರಿಯ ತೂಕದ ದೊಡ್ಡ ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆಗ ಪ್ರತಿ ವಾರ ಒಂದು ತೂತು ಬಿಡಬೇಕಾಗಿ ಬಂದರೆ ಆಶ್ಚರ್ಯವಿಲ್ಲ.

ಇಲ್ಲೇ ಒಂದು ಗೊಂದಲ ಹುಟ್ಟುತ್ತದೆ. ತುಂಬುಗಬ್ಬದ ಕುದುರೆಗೆ ಕೆಚ್ಚಲಿನ ಮುಂದೆ, ಹೊಟ್ಟೆಯಡಿ, ದೋಸೆ ಮಗುಚಿಟ್ಟಂತೆ ಚಪ್ಪಟೆ ಊತ ಬರುವುದುಂಟು. ಅದನ್ನು ಕಡಿತದ ಊತವೆಂದು ತಿಳಿದು ಹೊದಿಕೆಯನ್ನೋ ಮುಲಾಮನ್ನೋ ದೂರುವುದೂ ಉಂಟು. ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಹಾಗೇ ನಿಂತರೆ, ನವೆ ಇಲ್ಲದಿದ್ದರೆ, ಎರಡೂ ಬದಿ ಒಂದೇ ಸಮ ಇದ್ದರೆ, ಅದು ಬಹುಮಟ್ಟಿಗೆ ಗಬ್ಬದ ನೀರೂತ. ಸ್ವಲ್ಪ ನಡೆದಾಡಿಸಿದರೆ ಇಳಿಯುತ್ತದೆ. ಕಡಿತದ್ದಾದರೆ ಗಂಟುಗಂಟಾಗಿರುತ್ತದೆ, ಹಕ್ಕಳೆ ಕಟ್ಟಿರುತ್ತದೆ, ಮುಟ್ಟಿದರೆ ಕುದುರೆ ತುಟಿ ಅದುರಿಸುತ್ತದೆ. ಊತ ದಪ್ಪಗಿದ್ದು, ನೋವಿದ್ದು, ಹೊಟ್ಟೆ ಒಂದೇ ಸಮನೆ ಕೆಳಗೆ ಜೋತು ಬೀಳುತ್ತಿದ್ದರೆ ಹೊದಿಕೆಯ ಮಾತು ಬಿಟ್ಟು ತಕ್ಷಣ ಪಶುವೈದ್ಯರನ್ನು ಕರೆಯಬೇಕು. ಹೊಟ್ಟೆಯ ಗೋಡೆ ಹರಿಯುತ್ತಿರಬಹುದು. ಯಾವ ಊತವೇ ಇರಲಿ, ಅದರ ಮೇಲೆ ಪಟ್ಟಿ ಕಟ್ಟಬಾರದು.

ಬಾಲದ ಮುಚ್ಚಳ ಚೆನ್ನಾಗಿ ಕೆಲಸ ಮಾಡುತ್ತದೆ, ಅಗಲವಾಗಿದ್ದು ಬಾಲದ ಬುಡದ ಎರಡೂ ಕಡೆ ಇಳಿಬಿದ್ದಿದ್ದರೆ. ಆದರೂ ಕುದುರೆ ಗೂಟಕ್ಕೆ ಬಾಲ ಉಜ್ಜುತ್ತಿದ್ದರೆ ಮೊದಲು ಕೆಚ್ಚಲು ನೋಡಿ. ಎರಡು ಮೊಲೆತೊಟ್ಟುಗಳ ನಡುವಿನ ಸಂದಿನಲ್ಲಿ ಕಪ್ಪು ಜಿಗುಟು ಕೊಳೆ ಕೂರುತ್ತದೆ. ಅಲ್ಲಿಗೆ ಬಾಯಿ ಎಟುಕದ ಕುದುರೆ ಬಾಲ ಉಜ್ಜಿ ಸಮಾಧಾನಪಟ್ಟುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಮುಗಿಯಿತು. ಗುದದ ಸುತ್ತ ಮೊಟ್ಟೆಯಿಡುವ ಪಿನ್‌ವರ್ಮ್ ಹುಳವೂ ಬಾಲ ಉಜ್ಜಿಸುತ್ತದೆ. ಇವೆರಡಕ್ಕೂ ಹೊದಿಕೆ ಉತ್ತರವಲ್ಲ.

ಬೆವರು ಈ ಹೊದಿಕೆಯ ದೊಡ್ಡ ದೌರ್ಬಲ್ಯ. ಸೆಕೆಯಲ್ಲಿ ಮಧ್ಯಾಹ್ನ ಮೊಣಕೈ ಹಿಂದೆ ಕೈಹಾಕಿ ನೋಡಿ. ಒದ್ದೆಯಾಗಿದ್ದರೆ ತೆಗೆದು ನೆರಳಲ್ಲಿ ನಿಲ್ಲಿಸಬೇಕು. ಒದ್ದೆ ಬಟ್ಟೆಯ ಕೆಳಗೆ ಹಕ್ಕಳೆ ಮೆತ್ತಗಾಗಿ ಕೀವು ಕಟ್ಟುತ್ತದೆ, ಆಗ ಅಲರ್ಜಿಯ ಮೇಲೆ ಸೋಂಕು. ಸೋಂಕಾದ ಜಾಗಕ್ಕೆ 2ರಿಂದ 4 ಶೇಕಡ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ, 10 ನಿಮಿಷ ಬಿಟ್ಟು, ತಣ್ಣೀರಲ್ಲಿ ಪೂರ್ತಿ ತೊಳೆದು, ಒಣಗಿಸಿಯೇ ಮತ್ತೆ ಹೊದಿಸಬೇಕು. ಹೊದಿಕೆ ಎರಡು ಇರಲೇಬೇಕು: ಒಂದು ಮೈಮೇಲೆ, ಒಂದು ತಂತಿಯ ಮೇಲೆ. ತಣ್ಣೀರಲ್ಲಿ, ಘಾಟಿಲ್ಲದ ಸೋಪಿನಲ್ಲಿ ಒಗೆದು ಎರಡು ಸಲ ಜಾಲಿಸಿ. ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ. ಹರಿದ ತೂತನ್ನು ಅದೇ ಸಂಜೆಯೊಳಗೆ ಹೊಲಿಯಿರಿ. ಒಳಹೊಕ್ಕ ನೊರಜಿಗೆ ಹೊರಹೋಗುವ ದಾರಿ ಸಿಗುವುದಿಲ್ಲ, ಅಲ್ಲೇ ಕಡಿಯುತ್ತಾ ಕೂರುತ್ತದೆ.

ಹೊದಿಕೆ ಮುಖ, ಕಾಲು, ಕೆಚ್ಚಲನ್ನು ಮುಚ್ಚುವುದಿಲ್ಲ. ಅಲ್ಲಿಗೆ ಬೇರೆ ಏರ್ಪಾಡು ಬೇಕು, ಮತ್ತು ಅದರಲ್ಲಿ ಅತ್ಯುತ್ತಮವಾದದ್ದು ಯಾವ ಬಾಟಲಿಯಲ್ಲೂ ಸಿಗುವುದಿಲ್ಲ: ಗಾಳಿ. ನೊರಜು ದುರ್ಬಲ ಹಾರಾಟದ ಪ್ರಾಣಿ. ಗಂಟೆಗೆ 10 ಕಿ.ಮೀ. ದಾಟಿದ ಗಾಳಿಯಲ್ಲಿ ಹಾರುವುದು ಅದಕ್ಕೆ ಕಷ್ಟ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಕುದುರೆಯನ್ನು ಲಾಯಕ್ಕೆ ತಂದು, ಬೆಳಗಿನ ಬಿಸಿಲು ಏರುವವರೆಗೂ ಒಳಗಿಟ್ಟು, ಲಾಯದ ಉದ್ದಕ್ಕೂ ಬೀಸುವಂತೆ ಫ್ಯಾನ್ ಹಾಕಿದರೆ ಅರ್ಧ ಕೆಲಸ ಆದಂತೆ. ಮೋಟಾರು ಮುಚ್ಚಿರುವ ಫ್ಯಾನ್ ಆಗಬೇಕು. ಮನೆಯ ಫ್ಯಾನಿನ ಮೋಟಾರಿಗೆ ಹುಲ್ಲಿನ ಧೂಳು ಸೇರಿ ಬೆಂಕಿ ಹತ್ತುವ ಅಪಾಯವಿದೆ. ನೀರು ನಿಂತ ಕೆಸರು, ಒದ್ದೆ ಲದ್ದಿಯ ರಾಶಿ ಹತ್ತಿರವಿದ್ದರೆ ಇದೆಲ್ಲ ಮಾಡಿಯೂ ನೊರಜನ್ನು ಸಾಕಿದ ಹಾಗೆ.

ನೊರಜು ತಡೆಯಲು ಮೈಗೆ ಹಚ್ಚುವ ಮದ್ದುಗಳಲ್ಲಿ ಪರ್ಮೆಥ್ರಿನ್ ಬಲವಾದದ್ದು, ಆದರೆ ಕುದುರೆಗೆಂದೇ ತಯಾರಿಸಿ ಗಬ್ಬದಲ್ಲಿ ಬಳಸಬಹುದೆಂದು ಲೇಬಲ್ ಹೇಳುವುದನ್ನೇ ಕೊಳ್ಳಿ. ಪರ್ಮೆಥ್ರಿನ್ ಅದ್ದಿದ ಹೊದಿಕೆಗಳೂ ಬರುತ್ತವೆ. ಲಾಯದಲ್ಲಿ ಬೆಕ್ಕಿದ್ದರೆ ಅದರ ಮೇಲೆ ಮಲಗದಂತೆ ನೋಡಿಕೊಳ್ಳಬೇಕು, ಬೆಕ್ಕಿಗೆ ಅದು ವಿಷ. ಬೆಂಜೈಲ್ ಬೆಂಜೊಯೇಟ್ ಹಳೆಯ ನಂಬಿಕೆಯ ಮದ್ದು. ಚರ್ಮ ಹಸಿಯಾಗಿ ಸುಲಿದ ಕಡೆ ಸೋಕಿದರೆ ಉರಿ ಏಳುತ್ತದೆ. ಹೆಚ್ಚು ಸಾಂದ್ರತೆಯ ಡೀಟ್ ಕುದುರೆಯ ಚರ್ಮಕ್ಕೆ ಹೊಂದುವುದಿಲ್ಲ. ‘ನೈಸರ್ಗಿಕ’ ಎಂದು ಬರೆದ ಸುಗಂಧ ತೈಲಗಳನ್ನು ಕೆರಳಿದ ಚರ್ಮಕ್ಕೆ ಹಚ್ಚಿ ಪ್ರಯೋಗ ಮಾಡುವ ಕಾಲ ಇದಲ್ಲ.

ಬಾಯಿಗೆ ಕೊಡುವ ಔಷಧಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಸೆಟಿರಿಜಿನ್, ಹೈಡ್ರಾಕ್ಸಿಜಿನ್‌ನಂಥ ಅಲರ್ಜಿ ಮಾತ್ರೆಗಳು ಈ ಕಾಯಿಲೆಯಲ್ಲಿ ಕೊಡುವ ಗುಣ ಅಲ್ಪ. ಪಶುವೈದ್ಯರು ಸ್ಟೀರಾಯ್ಡ್ ಬೇಕೇ ಬೇಕೆಂದರೆ ಬರೆಯುವುದು ಪ್ರೆಡ್ನಿಸೊಲೋನ್. ಅಂಗಡಿಯಲ್ಲಿ ಹೆಸರು ತಪ್ಪಿ ಪ್ರೆಡ್ನಿಸೋನ್ ಕೊಟ್ಟರೆ ಅದು ಕುದುರೆಯ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಚೀಟಿ ಓದಿ ನೋಡಿಕೊಳ್ಳಿ.

ಈಯುವುದಕ್ಕೆ 2ರಿಂದ 4 ವಾರ ಮೊದಲು ಕೆಚ್ಚಲು ತುಂಬತೊಡಗುತ್ತದೆ. ಆಗ ಹೊಟ್ಟೆಪಟ್ಟಿಯ ಹಿಂಭಾಗ ತೊಟ್ಟಿಗೆ ಉಜ್ಜುತ್ತಿದೆಯೇ ಎಂದು ದಿನವೂ ಬಗ್ಗಿ ನೋಡಬೇಕು. ಉಜ್ಜಿದರೆ ಪಟ್ಟಿಯನ್ನೇ ತೆಗೆದಿಡಿ, ಫ್ಯಾನಿನ ಮುಂದೆ ಹೆಚ್ಚು ಹೊತ್ತು ನಿಲ್ಲಿಸಿ. ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡಿತೆಂದರೆ ಸಾಮಾನ್ಯವಾಗಿ ಒಂದೆರಡು ದಿನದ ಮಾತು: ಹೊದಿಕೆ ಪೂರ್ತಿ ಕಳಚಿ. ಕೆಚ್ಚಲು, ತೊಡೆಸಂದಿಗೆ ಹಚ್ಚಿದ ಮದ್ದು ಇದ್ದರೆ ತೊಳೆದುಬಿಡಿ. ಮರಿ ಗಿಣ್ಣುಹಾಲಿಗೆ ತಡಕಾಡುವಾಗ ಮೊದಲು ನೆಕ್ಕುವುದು ಆ ಜಾಗಗಳನ್ನೇ. ಈದ ಮೇಲೆ ತಾಯಿ-ಮರಿ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ, ಎರಡು ಮೂರು ದಿನ, ಹೊದಿಕೆ ಬೇಡ. ಮತ್ತೆ ಹಾಕುವಾಗ ಕಾಲಿಗೆ ಸುತ್ತುವ ಪಟ್ಟಿ, ಜೋತುಬಿದ್ದ ತುದಿ ಒಂದೂ ಇರಕೂಡದು. ಹಾಲು ಕುಡಿಯಲು ತಲೆ ತೂರಿಸುವ ಮರಿ ಸಡಿಲ ಪಟ್ಟಿಯೊಳಗೂ ತಲೆ ತೂರಿಸುತ್ತದೆ.