ಫಂಕ್ಷನಲ್ ಮೆಡಿಸಿನ್ ಬಿಲ್ ಯಾರು ಕೊಡ್ತಾರ? ಕಂಪನಿ ಪಾಲಿಸಿ, ಸ್ವಂತ ಕಿಸೆ, ಓಪಿಡಿ ರೈಡರ್ ಮೂರೂ ಮಾಡಿ ನೋಡೇನಿ

ಧಾರವಾಡ ಬಿಟ್ಟು ಪುಣೆಕ್ಕ ಬಂದು ಹದಿನಾಲ್ಕು ವರ್ಷ ಆತು, ಕೋಥ್ರೂಡ್‌ನಾಗ ಮನಿ, ಹಿಂಜವಡಿಯೊಳಗ ಕೆಲಸ, ಎರಡನೇ ಹೆರಿಗಿ ಆದಾಗಿಂದ ಥೈರಾಯ್ಡ್. ದಿನಾ ಗುಳಿಗಿ ತಗೋತಿದ್ದೆ, ರಿಪೋರ್ಟ್ ನಾರ್ಮಲ್ ಬರ್ತಿತ್ತು, ಆದ್ರ ದಣಿವು ಹೋಗವಲ್ದು, ಕೂದಲಾ ಉದುರೂದು ನಿಲ್ಲವಲ್ದು. ಡಾಕ್ಟರ್ ಕಡೆ ಹೋದ್ರ ಐದ ನಿಮಿಷ, "ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಛಲೋ ಅದ, ಇದ ಡೋಸ್ ನಡೀಲಿ" ಅಷ್ಟ. ಆವಾಗ ಆಫೀಸಿನ ಗೆಳತಿ ಒಬ್ಬಾಕಿ ಫಂಕ್ಷನಲ್ ಮೆಡಿಸಿನ್ ಅಂದ್ಲು, ಅವ್ರು ಊಟ ನಿದ್ದಿ ಹೊಟ್ಟಿ ಟೆನ್ಷನ್ ಎಲ್ಲಾ ಕೇಳಿ ಮೂಲ ಹುಡುಕ್ತಾರಂತ. 2024ರ ಜೂನ್‌ದಾಗ ಹೋದೆ.

ಮೊದಲ ಸ್ವಂತ ಕಿಸೆದ ಲೆಕ್ಕ ಹೇಳ್ತೀನಿ, ಯಾಕಂದ್ರ ಹೊಟ್ಟಿ ಉರಿಯೂದು ಅಲ್ಲೇ. ಆರು ತಿಂಗಳ ಪ್ಯಾಕೇಜ್ 36,000, ಮುಂಗಡ. ಟೆಸ್ಟ್ 19,500. ಸಪ್ಲಿಮೆಂಟ್ ತಿಂಗಳಿಗೆ 4,200, ನಾ ಐದು ತಿಂಗಳು ತಗೊಂಡೆ ಅಂದ್ರ 21,000. ಒಟ್ಟು 76,500. ಇಷ್ಟಕ್ಕ ಸಿಕ್ಕಿದ್ದೇನು ಅಂತ ನಮ್ಮನಿಯವ್ರು ಇನ್ನೂ ಕೇಳ್ತಾರ.

ಸುಳ್ಳು ಯಾಕ ಹೇಳ್ಲಿ, ಮೊದಲನೇ ಭೇಟಿ ಭಾರೀ ಇತ್ತು. ಒಂದೂಕಾಲು ತಾಸು ಒಬ್ಬರು ನನ್ನ ಮಾತು ಕೇಳಿದ್ರು. ರಾತ್ರಿ ಎಷ್ಟಕ್ಕ ಮಲಗ್ತೀರಿ, ಆಫೀಸ್ ಬಸ್ಸಿನಾಗ ಏನ್ ತಿಂತೀರಿ, ಮುಟ್ಟು ಹೆಂಗ ಅದ, ತಾಯಿಗೂ ಥೈರಾಯ್ಡ್ ಇತ್ತೇನು. ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣ) ಟೆಸ್ಟ್ ಬರೆದಿದ್ದೂ ಅವ್ರ, ಅದು 9 ಬಂತು, ಹಿಮೋಗ್ಲೋಬಿನ್ ಬರೇ ಸ್ವಲ್ಪ ಕಡಿಮಿ ಇದ್ದದ್ದಕ್ಕ ಅಲ್ಲೀತನಕ ಯಾರೂ ಫೆರಿಟಿನ್ ನೋಡಿರಲಿಲ್ಲ. ಇದಕ್ಕ ನಾ ಅವ್ರಿಗೆ ಋಣಿ.

ಆದ್ರ ಆ 19,500ರೊಳಗ 12,000 ಹೋದದ್ದು ಫುಡ್ ಇಂಟಾಲರೆನ್ಸ್ ಐಜಿಜಿ ಟೆಸ್ಟಿಗೆ, ಯಾವ ಊಟ ಮೈಗೆ ಒಗ್ಗೂದಿಲ್ಲ ಅಂತ ನೋಡೂದಂತ ಅದು. ರಿಪೋರ್ಟ್ ಬಣ್ಣ ಬಣ್ಣದ ಪುಸ್ತಕ ಇದ್ದಂಗ ಇತ್ತು, ಕೆಂಪು ಪುಟದಾಗ ಏನ್ ಬಂದಾವ ಅಂದ್ರ ಜ್ವಾಳ, ಶೇಂಗಾ, ಮೊಸರು. ಧಾರವಾಡದಾಕಿಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಿಡು ಅಂದ್ರ ಉಳಿಯೂದರ ಏನು! ನಮ್ಮ ಅವ್ವ ಫೋನಿನಾಗ "ಹಂಗಾರ ನೀ ಹುಟ್ಟಿದಾಗಿಂದ ವಿಷಾನ ತಿಂದಿಯೇನ ಮತ್ತ" ಅಂದ್ಲು. ಎರಡು ತಿಂಗಳು ಬಿಟ್ಟೆ, ಸಿಟ್ಟು ಬಿಟ್ರ ಬ್ಯಾರೆ ಏನೂ ಬದಲಾಗ್ಲಿಲ್ಲ. ಆಮ್ಯಾಲ ಓದಿ ತಿಳಕೊಂಡೆ, ಐಜಿಜಿ ಅನ್ನೂ ರಕ್ತದಾಗಿನ ಆ್ಯಂಟಿಬಾಡಿ ನಾವು ಏನ್ ಹೆಚ್ಚು ತಿಂತೀವಿ ಅದಕ್ಕ ಏರ್ತದ, ಅಲರ್ಜಿಗೆ ನೋಡೂದು ಐಜಿಇ ಅನ್ನೂ ಬ್ಯಾರೆ ಆ್ಯಂಟಿಬಾಡಿ, ಐಜಿಜಿದ ಒಂದು ಬಗಿ ಐಜಿಜಿ4, ಅದರ ಟೆಸ್ಟ್ ಮಾಡಿ ಊಟ ಬಿಡಸಬ್ಯಾಡ್ರಿ ಅಂತ ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಾಗ ಹೇಳೇದ. ದಿನಾ ತಿನ್ನೂದ ಕೆಂಪು ಬರ್ತದ, ಮತ್ತೇನ್ ಬರ್ಬೇಕು.

ಇನ್ನೊಂದು ಫಜೀತಿ ಸಪ್ಲಿಮೆಂಟಿಂದು. ಕೂದಲಕ್ಕಂತ ಬಯೋಟಿನ್ ಅನ್ನೂ ವಿಟಮಿನ್, ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ ಎಲ್ಲಾ ಮುಂಜಾನೆ ಒಮ್ಮೆಲೇ ನುಂಗಸ್ತಿದ್ರು. ಮೂರು ತಿಂಗಳಾದ ಮ್ಯಾಲ ಟಿಎಸ್‌ಎಚ್ ಒಮ್ಮೆಲೇ ಕೆಳಗ ಬಂತು, ನಂಗ ಗಾಬರಿ. ಎಂಡೊಕ್ರಿನಾಲಜಿಸ್ಟ್ ಕಡೆ ಓಡಿದೆ, ಅವ್ರು ಚೀಟಿ ನೋಡಿ ನಕ್ರು: ಹೆಚ್ಚಿನ ಡೋಸ್ ಬಯೋಟಿನ್ ಇದ್ರ ಕೆಲವು ಮಷೀನಿನಾಗ ಥೈರಾಯ್ಡ್ ರಿಪೋರ್ಟ್ ತಪ್ಪು ಬರ್ತದ, ಬಿಟ್ಟು ಮತ್ತ ಟೆಸ್ಟ್ ಮಾಡಸ್ರಿ, ಮತ್ತ ಕಬ್ಬಿಣ ಕ್ಯಾಲ್ಸಿಯಂ ಥೈರಾಯ್ಡ್ ಗುಳಿಗಿಯಿಂದ ನಾಕು ತಾಸು ದೂರ ಇಡ್ರಿ ಇಲ್ಲಾಂದ್ರ ಗುಳಿಗಿ ಮೈಗೆ ಹತ್ತೂದಿಲ್ಲ. ನಾಕು ಸಾವಿರದ ಡಬ್ಬಿ ಕೊಟ್ಟವ್ರಿಗೆ ಈ ಒಂದು ಸಾಲು ಹೇಳಾಕ ಏನಾಗಿತ್ತು.

ಈಗ ಕಂಪನಿ ಪಾಲಿಸಿ. ಐದು ಲಕ್ಷದ ಕವರ್, ನಮಗೇನು ಚಿಂತಿ ಅನ್ಕೊಂಡು ಎಲ್ಲಾ ಬಿಲ್ ಪಿನ್ ಹೊಡದು ಕಳಿಸಿದೆ. ಎಂಟು ದಿನಕ್ಕ ರಿಜೆಕ್ಟ್. ಹೆಲ್ಪ್‌ಡೆಸ್ಕಿನ ಹುಡುಗ "ಮ್ಯಾಡಮ್, ಹೇ ಓಪಿಡಿ ಆಹೇ, ನಾಹೀ ಮಿಳಣಾರ್" ಅಂದ (ಇದು ಓಪಿಡಿ, ಅಂದ್ರ ಅಡ್ಮಿಟ್ ಆಗದ ಚಿಕಿತ್ಸೆ, ಸಿಗೂದಿಲ್ಲ), ಮುಗೀತು. ನಮ್ಮ ದೇಶದಾಗ ಸಾಮಾನ್ಯ ಹೆಲ್ತ್ ಪಾಲಿಸಿ ಅಂದ್ರ 24 ತಾಸು ಅಡ್ಮಿಟ್ ಆಗ್ಬೇಕು, ಇಲ್ಲಾ ಡೇಕೇರ್ (ಅವತ್ತ ಮನಿಗೆ ಕಳಿಸೂ) ಪಟ್ಟಿಯೊಳಗಿನ ಚಿಕಿತ್ಸೆ ಆಗ್ಬೇಕು. ಅಡ್ಮಿಟ್ ಆದ ರೋಗಕ್ಕ ಸಂಬಂಧಪಟ್ಟ ಹಿಂದಿನ ಮುಂದಿನ ಕೆಲವು ದಿನದ ಟೆಸ್ಟ್ ಔಷಧ ಸಿಗ್ತಾವ, ಬರೇ ದಣಿವದ ಅಂತ ಹೋದ್ರ ಇಲ್ಲ.

ಅಷ್ಟರಾಗ ಪರಿಚಯದವ್ರೊಬ್ಬರು "ಒಂದು ದಿನ ಅಡ್ಮಿಟ್ ಆಗಿಬಿಡ್ರಿ, ಎಲ್ಲಾ ಟೆಸ್ಟ್ ಅದರಾಗ ಹೊಂದಸೂಣು" ಅಂತ ಐಡಿಯಾ ಕೊಟ್ರು. ಮನಸ್ಸು ಒಮ್ಮೆ ಆತು, ಖರೇ ಹೇಳ್ತೀನಿ. ಆದ್ರ ಕೂತು ಪಾಲಿಸಿ ಪುಸ್ತಕ ಓದಿದೆ. ಇನ್ಶೂರೆನ್ಸ್ ನಿಯಂತ್ರಕ ಐಆರ್‌ಡಿಎಐ ಎಲ್ಲಾ ಕಂಪನಿಗೂ ಒಂದ ನಮೂನಿ ಎಕ್ಸ್‌ಕ್ಲೂಷನ್ (ಯಾವುದಕ್ಕ ರೊಕ್ಕ ಕೊಡೂದಿಲ್ಲ ಅನ್ನೂ) ಕೋಡ್ ಕೊಟ್ಟದ, ಅದರಾಗ 4ನೇದು ಬರೇ ತಪಾಸಣೆಗಂತ ಅಡ್ಮಿಟ್ ಆಗೂದು, 13 ನೇಚರ್ ಕ್ಯೂರ್ ಕ್ಲಿನಿಕ್ ಸ್ಪಾ ಥರದ ಜಾಗ, 14 ಆಸ್ಪತ್ರಿ ಕ್ಲೇಮಿನ ಭಾಗ ಅಂತ ಡಾಕ್ಟರ್ ಬರೆಯದ ವಿಟಮಿನ್ ಸಪ್ಲಿಮೆಂಟ್, 16 ಸಾಬೀತಾಗದ ಟ್ರೀಟ್‌ಮೆಂಟ್. ನನ್ನ ಪ್ಯಾಕೇಜ್ ನೋಡೇ ಬರದಾರೇನೋ ಅನ್ನಿಸ್ತು! ಸುಳ್ಳು ಕ್ಲೇಮ್ ಅಂತ ಸಿಕ್ಕಿಬಿದ್ರ ನೌಕರಿಗೂ ಕುತ್ತು, ಬಿಟ್ಟೆ.

ಆಯುಷ್ ಕವರ್ ಅದ ಅಲ್ಲಾ, ಅದರಾಗ ಬರ್ತದೇನು ಅಂತ ಕೇಳವ್ರಿಗೆ: ಇಲ್ಲ. ಆಯುಷ್ ಅಂದ್ರ ಆಯುರ್ವೇದ, ಯೋಗ-ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿ ಇಂಥಾವು, ಅದೂ ಮಾನ್ಯತೆ ಇದ್ದ ಆಸ್ಪತ್ರಿಯೊಳಗ. ಫಂಕ್ಷನಲ್ ಮೆಡಿಸಿನ್ ಅಮೆರಿಕಾದ ಕೂಸು, ಅದರ ಇನ್‌ಸ್ಟಿಟ್ಯೂಟ್ 1991ರಾಗ ಅಲ್ಲೇ ಶುರು ಆತು, ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್ ಇದಕ್ಕಂತ ಬ್ಯಾರೆ ಡಿಗ್ರಿಗೆ ಮಾನ್ಯತೆ ಕೊಟ್ಟಿಲ್ಲ. ಅಮೆರಿಕಾದಾಗರ ಸಲೀಸ ಅದೇನು ಅಂದ್ರ ಅದೂ ಇಲ್ಲ. ನ್ಯೂ ಜೆರ್ಸಿಯೊಳಗಿನ ಅಕ್ಕ ಹೇಳ್ತಾಳ, ಅಲ್ಲೂ ಇಂಥಾ ಭಾಳ ಡಾಕ್ಟರ್‌ಗಳು ಇನ್ಶೂರೆನ್ಸ್ ತಗೊಳ್ಳೂದಿಲ್ಲ, ರೊಕ್ಕ ಕೊಟ್ಟು ಸೂಪರ್‌ಬಿಲ್ ಅಂತ ಚೀಟಿ ಇಸಕೊಂಡು ತಾವ ಕಂಪನಿಗೆ ಕಳಿಸಿ ಬಂದಷ್ಟು ಬರ್ಲಿ ಅಂತ ಕೂಡ್ಬೇಕು. ಎಚ್‌ಎಸ್‌ಎ ಅಂತ ಟ್ಯಾಕ್ಸ್ ಇಲ್ಲದ ಖಾತೆ ಅದ, ಡಾಕ್ಟರ್ ಫೀ ಅದರಿಂದ ಕೊಡ್ತಾಳ. ನಮಗ ಇನ್‌ಕಮ್ ಟ್ಯಾಕ್ಸಿನಾಗ ಪ್ರಿವೆಂಟಿವ್ ಚೆಕಪ್ಪಿಗೆ 5,000 ಕಡಿತ, ಅದೂ ಹೆಲ್ತ್ ಪ್ರೀಮಿಯಂ ಸೇರಿ 25,000ದ ಮಿತಿಯೊಳಗ, ಅದೂ ಹಳೇ ಟ್ಯಾಕ್ಸ್ ರೆಜೀಮಿನಾಗ ಇದ್ರ. ನಾ ಹೊಸದಕ್ಕ ಹೋಗೇನಿ, ಅಂದ್ರ ಸೊನ್ನಿ.

ಕಡೀದು ಓಪಿಡಿ ರೈಡರ್, ಅಂದ್ರ ಅಡ್ಮಿಟ್ ಆಗದ ಖರ್ಚಿಗಂತ ಪಾಲಿಸಿಗೆ ಸೇರಿಸೂ ಹೆಚ್ಚಿನ ಕವರ್. ನೌಕರಿ ಬಿಟ್ರ ಕಂಪನಿ ಕವರ್ ಹೋಗ್ತದಂತ 2025ರ ಜನವರಿಯೊಳಗ ಸ್ವಂತ ಪಾಲಿಸಿ ತಗೊಂಡೆ, ಥೈರಾಯ್ಡ್ ಅದ ಅಂತ ಫಾರ್ಮಿನಾಗ ಬರದೆ, ಅದಕ್ಕ ಅಡ್ಮಿಷನ್ ಕವರಿಗೆ ಮೂರು ವರ್ಷ ಕಾಯ್ಬೇಕು (ಮೊದಲ ನಾಕು ವರ್ಷದ ತನಕ ಹಾಕ್ತಿದ್ರು, 2024ರಾಗ 36 ತಿಂಗಳಿಗೆ ಇಳಿಸ್ಯಾರ). ಆದ್ರ ನನ್ನ ರೈಡರಿಗೆ ಆ ಕಾಯೂದು ಇಲ್ಲ. ರೈಡರ್ 5,400, ಮ್ಯಾಲ ಶೇಕಡಾ 18 ಜಿಎಸ್‌ಟಿ, 6,372 ಆತು. ವರ್ಷಕ್ಕ 12,000 ಮಿತಿ, ಕನ್ಸಲ್ಟೇಷನ್ನಿಗೆ ಒಂದು ಸಲಕ್ಕ 1,000. ವರ್ಷದಾಗ 9,150 ವಾಪಸ್ ಬಂತು, ಲಾಭ 2,778. ಇದಕ್ಕ ಪೇಢೆ ಹಂಚೂದೇನಿಲ್ಲ, ಆದ್ರ ಆ ಬಯೋಟಿನ್ ಬಿಟ್ಟ ಮ್ಯಾಲ ಥೈರಾಯ್ಡ್ ಸ್ಥಿರ ಆಗೋತನಕ ಎರಡೆರಡು ತಿಂಗಳಿಗೆ ಮಾಡ್ಸಿದ ಟೆಸ್ಟ್, ಫೆರಿಟಿನ್, ಬಿ12, ಡಾಕ್ಟರ್ ಫೀ ಎಲ್ಲಾ ಬಂದಾವ.

ಏನ್ ಬರ್ಲಿಲ್ಲ ಅಂದ್ರ ಹೆಲ್ತ್ ಕೋಚ್ (ಡಾಕ್ಟರ್ ಅಲ್ಲ, ಊಟ-ನಿದ್ದಿ ಸಲಹೆ ಕೊಡವ್ರು) ಸಹಿ ಮಾಡಿದ್ದು ಒಂದೂ ಬರ್ಲಿಲ್ಲ. ನಂಗ ತಲಿಗೆ ಹತ್ತಿದ್ದು ಇಲ್ಲೇ. ಇನ್ಶೂರೆನ್ಸ್ ಕಂಪನಿ ಫಂಕ್ಷನಲ್ಲೋ ಮತ್ತೊಂದೋ ಹೆಸರು ಕೇಳೂದಿಲ್ಲ, ಸಹಿ ಯಾರ್ದು, ರಜಿಸ್ಟ್ರೇಷನ್ ನಂಬರ್ ಅದ ಇಲ್ಲೋ, ಬಿಲ್ಲಿನ ಸಾಲಿನಾಗ ಏನ್ ಬರದಾರ ಅಷ್ಟ ನೋಡ್ತದ. "ವೆಲ್‌ನೆಸ್ ಪ್ಯಾಕೇಜ್ 36,000" ಅಂತ ಒಂದ ಸಾಲು ಇದ್ರ ಯಾವ ರೈಡರಿಗೂ ನುಂಗಾಕ ಬರೂದಿಲ್ಲ. ಆ 19,500ರೊಳಗ ಐಜಿಜಿ ಬಿಟ್ಟು ಉಳಿದ 7,500 ರೂಪಾಯಿ ರಕ್ತದ ಟೆಸ್ಟ್ ಎಂಡಿ ಡಾಕ್ಟರ್ ಬರದು, ರೈಡರಿನ ಲ್ಯಾಬಿನಾಗ ಮಾಡ್ಸಿದ್ರ ಬರ್ತಿತ್ತು. ಪ್ಯಾಕೇಜ್ ತಗೊಳ್ಳೂದ ಇದ್ರ ಮೊದಲ ಒಡಸಿ ಬರಸ್ಕೊಳ್ರಿ, ಡಾಕ್ಟರ್ ಫೀ ಬ್ಯಾರೆ, ಲ್ಯಾಬ್ ಬ್ಯಾರೆ, ಕೋಚ್ ಬ್ಯಾರೆ. ಒಲ್ಲೆ ಅಂದ್ರ ಎದ್ದು ಬರ್ರಿ.

ಹಂಗಾರ ಆ ಒಂದೂಕಾಲು ತಾಸಿಂದು ಏನು? ಅದಕ್ಕ ಯಾವ ಪಾಲಿಸಿಯೊಳಗೂ ಸಾಲಿಲ್ಲ, ಖರೇ ಬೇಕಾದ್ದು ನಂಗ ಅದ ಇತ್ತು. ಈಗ ಸದಾಶಿವ ಪೇಠದಾಗ ಒಬ್ಬರು ವಯಸ್ಸಾದ ಎಂಡಿ ಸಿಕ್ಕಾರ, ಪುಣೆಯ ಪದ್ಧತಿಯಂಗ ಒಂದರಿಂದ ನಾಕು ಬಾಗಲಾ ಬಂದ್, ನಾಕರ ಮ್ಯಾಲ ಹೋದ್ರ ನಲವತ್ತು ನಿಮಿಷ ಕೂಡಸ್ಕೊಂಡು ಮಾತಾಡ್ತಾರ. ಫೀ 1,500, ರೈಡರ್ 1,000 ಕೊಡ್ತದ, 500 ನನ್ನ ಕಿಸೆದ್ದು. ಕಬ್ಬಿಣದ ಗುಳಿಗಿ ಜನೌಷಧಿ ಅಂಗಡಿಯಿಂದ, ರಾತ್ರಿ ಊಟ ಆದ ಮ್ಯಾಲ. ಫೆರಿಟಿನ್ 41ಕ್ಕ ಬಂದದ, ರೊಟ್ಟಿ ಹಿಂಡಿ ಮೊಸರು ವಾಪಸ್ ಬಂದಾವ. 2026ರ ಜನವರಿಗೆ ರೈಡರ್ ರಿನ್ಯೂ ಮಾಡ್ಸಿದೆ, 2025ರ ಸೆಪ್ಟೆಂಬರ್ 22ರಿಂದ ಸ್ವಂತ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ತಗದಾರಲ್ಲಾ, ಬರೇ 5,400 ಆತು. ಆ ಅಜ್ಜಾ ಡಾಕ್ಟರ್ ಮಾತ್ರ ಪ್ರತಿ ಸಲ ರಸೀದಿಗೆ ಶಿಕ್ಕಾ ಹೊಡಿಯೂದು ಮರೀತಾರ, ನಾ ಮೆಟ್ಟಿಲಾ ಇಳದು ಚಪ್ಪಲಿ ಹಾಕ್ಕೊಂಡ ಮ್ಯಾಲ ನೆನಪಾಗಿ ಮತ್ತ ಮ್ಯಾಲ ಹತ್ತತೀನಿ.